ಮನೆಯೊಳಗೆ ನಾಯಿ ಸಮಾಧಾನವಾಗಿರುವಂತೆ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೇಳಿದ ಮಾತು ಕೇಳದೆ ಮನೆಯೊಳಗೆ ದಾಂಧಲೆ ಎಬ್ಬಿಸುವ ನಾಯಿಯನ್ನು ಸಾಕುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉತ್ತರಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಸುಮ್ಮನಿರುವುದೂ ನಾಯಿಗೆ ಒಂದು ವಿದ್ಯೆ, ಅದನ್ನು ಕಲಿಸಬೇಕು, ಗಲಾಟೆಯನ್ನು ಅಡಗಿಸಿದ ಮಾತ್ರಕ್ಕೆ ಅದು ತಾನಾಗಿ ಬರುವುದಿಲ್ಲ.

ಹೊರಗೆ ಒಂದು ಮಟ್ಟಿಗೆ ಸರಿಯಾಗಿಯೇ ಇರುವ ನಾಯಿ ಮನೆಯೊಳಗೆ ಬಂದೊಡನೆ ಏಕೆ ಹೀಗಾಡುತ್ತದೆ?

ಹೊರಗೆ ಇರುವಾಗ ನಾಯಿಗೆ ಮೂಸಲು, ನೋಡಲು, ಕಿವಿಗೊಡಲು ನೂರು ಸಂಗತಿಗಳಿರುತ್ತವೆ. ಜೊತೆಗೆ ಹಗ್ಗದ ಇನ್ನೊಂದು ತುದಿಯಲ್ಲಿ ಅದರ ಮೇಲೆಯೇ ಕಣ್ಣಿಟ್ಟಿರುವ ಮನುಷ್ಯನೊಬ್ಬನಿರುತ್ತಾನೆ. ಮನೆಯೊಳಗೆ ಕಾಲಿಟ್ಟ ಮೇಲೆ ಆ ಮನುಷ್ಯ ತನ್ನ ಕೆಲಸದಲ್ಲಿ ಮುಳುಗುತ್ತಾನೆ. ನಾಯಿ ಮೂಲೆಯಲ್ಲಿ ಮಲಗಿದ್ದರೆ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಅದೇ ನಾಯಿ ಒಂದು ಕಾಲ್ಚೀಲ ಕಚ್ಚಿಕೊಂಡು ಓಡಿತೆಂದರೆ ಮನೆಮಂದಿಯೆಲ್ಲ ಎದ್ದು ಕೂಗುತ್ತ ಬೆನ್ನಟ್ಟುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಗದರಿಕೆ, ನಾಯಿಯ ಲೆಕ್ಕದಲ್ಲಿ ಆಟ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು ಬೆಕ್ಕುಗಳನ್ನು ಅಗುಳಿ ಹಾಕಿದ ಪೆಟ್ಟಿಗೆಗಳಲ್ಲಿ ಕೂಡಿಹಾಕಿ ಮಾಡಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿದರು. ಯಾವ ನಡವಳಿಕೆಯಿಂದ ಪ್ರಾಣಿಗೆ ಬೇಕಾದದ್ದು ಸಿಗುತ್ತದೆಯೋ ಆ ನಡವಳಿಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬ ನಿಯಮ ಅಲ್ಲಿಂದಲೇ ಬೆಳೆದು ಬಂದದ್ದು. ಮನೆಯೊಳಗಿನ ರಂಪಾಟದಲ್ಲಿ ಬಹುಪಾಲನ್ನು ನಾವೇ, ನಮಗೆ ಅರಿವಿಲ್ಲದೆ, ಕೂಲಿ ಕೊಟ್ಟು ಬೆಳೆಸಿರುತ್ತೇವೆ.

ನಾಯಿ ಎಷ್ಟು ಶಾಂತವಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯ?

ಬೆಳೆದ ನಾಯಿ ದಿನಕ್ಕೆ ಸುಮಾರು 12ರಿಂದ 14 ಗಂಟೆ ಮಲಗಿ ಕಳೆಯುತ್ತದೆ. ಎಳೆಯ ಮರಿಗೆ 18 ಗಂಟೆಗಳಷ್ಟು ನಿದ್ರೆ ಬೇಕಾಗುತ್ತದೆ. ಆದ್ದರಿಂದ ಮನೆಯೊಳಗೆ ಅರ್ಧ ದಿನ ಸುಮ್ಮನೆ ಬಿದ್ದುಕೊಂಡಿರುವುದು ಅದರ ಸ್ವಭಾವಕ್ಕೆ ವಿರೋಧವಾದದ್ದೇನಲ್ಲ. ಆದರೆ ಎಚ್ಚರವಾಗಿರುವ ಹೊತ್ತಿನಲ್ಲೂ ಅದು ಗೊಂಬೆಯಂತೆ ಕುಳಿತಿರಬೇಕೆಂದು ಬಯಸುವವರು ನಾಯಿಯನ್ನು ಸಾಕುವ ವಿಚಾರವನ್ನೇ ಮರುಪರಿಶೀಲಿಸುವುದು ಒಳ್ಳೆಯದು. ದನ ಕುರಿಗಳನ್ನು ಅಟ್ಟಲು, ಬೇಟೆಯ ಜಾಡು ಹಿಡಿಯಲು ತಲೆಮಾರುಗಳಿಂದ ಬೆಳೆಸಿದ ತಳಿಗಳಿಗೆ ಈ ವಿದ್ಯೆ ತಡವಾಗಿ ಒಲಿಯುತ್ತದೆ, ಅಷ್ಟೆ.

ಬೆಳಿಗ್ಗೆ ಸಂಜೆ ಚೆನ್ನಾಗಿ ಓಡಿಸಿ ದಣಿಸಿದರೆ ಸಾಲದೇ?

ವ್ಯಾಯಾಮ ಬೇಕೇ ಬೇಕು, ಅದಿಲ್ಲದೆ ಮುಂದಿನ ಯಾವ ಪಾಠವೂ ನಿಲ್ಲುವುದಿಲ್ಲ. ಆದರೆ ದಣಿವು ಬೇರೆ, ಸಮಾಧಾನ ಬೇರೆ. ದಿನಾ ಗಂಟೆಗಟ್ಟಲೆ ಚೆಂಡು ಎಸೆದು ಓಡಿಸಿದರೆ ನಾಯಿಯ ದಮ್ಮು ಹೆಚ್ಚುತ್ತದೆಯೇ ಹೊರತು ಅದು ಒಳಗೆ ಬಂದು ಮಲಗಲು ಕಲಿಯುವುದಿಲ್ಲ. ಕೆಲವು ನಾಯಿಗಳಂತೂ ಆ ಓಟದ ಉದ್ರೇಕವನ್ನೇ ಮನೆಯೊಳಗೂ ಹೊತ್ತು ತಂದು ಮತ್ತೊಂದು ಗಂಟೆ ಕುಣಿಯುತ್ತವೆ. ಹಗ್ಗವನ್ನು ಸಡಿಲವಾಗಿ ಬಿಟ್ಟು, ನಾಯಿ ನಿಂತಲ್ಲಿ ನಿಂತು, ಅದು ಮೂಸಿದಷ್ಟು ಹೊತ್ತು ಮೂಸಲು ಬಿಡುವ ನಿಧಾನದ ನಡಿಗೆಯಿಂದ ಸಿಗುವ ತೃಪ್ತಿ ಓಟಕ್ಕಿಂತ ಹೆಚ್ಚು. ಊಟವನ್ನೂ ತಟ್ಟೆಯಲ್ಲಿ ಸುರಿದು ಕೊಡುವ ಬದಲು ಒಂದು ಪಾಲನ್ನು ಹಳೆಯ ಟವೆಲಿನ ಮಡಿಕೆಗಳಲ್ಲಿ ಬಚ್ಚಿಟ್ಟು ಹುಡುಕಿಸಿದರೆ ಹತ್ತು ನಿಮಿಷದ ಆ ಹುಡುಕಾಟದ ನಂತರ ಬಹಳಷ್ಟು ನಾಯಿಗಳು ತಾವಾಗಿಯೇ ಹೋಗಿ ಮಲಗುತ್ತವೆ.

ಕಲಿಸುವುದನ್ನು ಎಲ್ಲಿಂದ ಆರಂಭಿಸಬೇಕು?

ಏನನ್ನೂ ಕಲಿಸದೆ, ನೋಡುವುದರಿಂದ. ಬಟಾಣಿ ಕಾಳಿನಷ್ಟು ಸಣ್ಣದಾಗಿ ಕತ್ತರಿಸಿದ ತಿನಿಸನ್ನು ಮನೆಯ ಮೂರು ನಾಲ್ಕು ಕಡೆ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ. ನಾಯಿ ತಾನಾಗಿಯೇ ಕುಳಿತಾಗ, ಕಾಲು ಚಾಚಿದಾಗ, ನಿಟ್ಟುಸಿರು ಬಿಟ್ಟು ತಲೆಯನ್ನು ನೆಲಕ್ಕೆ ಊರಿದಾಗ, ಮಾತಿಲ್ಲದೆ ನಿಧಾನವಾಗಿ ಹೋಗಿ ಒಂದು ಚೂರನ್ನು ಅದರ ಮುಂಗಾಲುಗಳ ನಡುವೆ ಇಟ್ಟು ಬನ್ನಿ. ಬಹುಮಾನ ಆ ಕ್ಷಣಕ್ಕೆ ತಗುಲಬೇಕು, ಒಂದೆರಡು ಸೆಕೆಂಡಿಗಿಂತ ತಡವಾದರೆ ನಾಯಿ ಅದನ್ನು ಬೇರೆ ಯಾವುದಕ್ಕೋ ಜೋಡಿಸಿಕೊಳ್ಳುತ್ತದೆ. ಮೊದಲ ಕೆಲವು ದಿನ ನೀವು ಹತ್ತಿರ ಬಂದೊಡನೆ ಅದು ಎದ್ದು ನಿಲ್ಲುತ್ತದೆ. ನಿಂತರೆ ಇಡಬೇಡಿ, ಹಿಂದಿರುಗಿ. ಭೇಷ್, ಶಹಭಾಸ್ ಎಂದು ಉತ್ಸಾಹದಿಂದ ಕೂಗುವುದೂ ಬೇಡ, ಏಕೆಂದರೆ ಬಹುಮಾನ ಪಡೆಯುತ್ತಿರುವುದು ನೆಮ್ಮದಿ, ಆ ಕೂಗು ನೆಮ್ಮದಿಯನ್ನೇ ಕೆಡಿಸುತ್ತದೆ. ಇದು ಬಹಳ ಸುಲಭವಾಗಿ ಕಾಣುವುದರಿಂದಲೇ ಹೆಚ್ಚಿನವರು ಮಾಡುವುದಿಲ್ಲ. ಮಲಗಿದ ನಾಯಿಯನ್ನು ಎಬ್ಬಿಸಬಾರದು ಎಂಬ ಅಂಜಿಕೆಯಿಂದ ನಾನೂ ಮೊದಲ ನಾಯಿಯ ವಿಷಯದಲ್ಲಿ ಎರಡು ವರ್ಷ ಇದನ್ನು ಮಾಡದೆ ಉಳಿದೆ.

ಚಾಪೆಯ ಪಾಠ ಎಂದರೇನು? ಹಂತಗಳನ್ನು ವಿವರಿಸಬಹುದೇ?

ಒಂದು ಸಣ್ಣ ಚಾಪೆಯನ್ನೋ ಮಡಚಿದ ಹೊದಿಕೆಯನ್ನೋ ನಾಯಿಯ ಪಾಲಿಗೆ ವಿಶ್ರಾಂತಿಯ ಜಾಗವನ್ನಾಗಿ ಮಾಡುವ ಪಾಠವಿದು. ಮೊದಲ ವಾರಗಳಲ್ಲಿ ಅದನ್ನು ಪಾಠದ ಹೊತ್ತಿಗೆ ಮಾತ್ರ ಹಾಸಿ, ಪಾಠ ಮುಗಿದೊಡನೆ ಎತ್ತಿಡಬೇಕು; ಸದಾ ನೆಲದ ಮೇಲೆ ಬಿದ್ದಿರುವ ವಸ್ತುವಿಗೆ ನಾಯಿ ಬೆಲೆ ಕೊಡುವುದಿಲ್ಲ. ಚಾಪೆ ಹಾಸಿದಾಗ ನಾಯಿ ಕುತೂಹಲದಿಂದ ಒಂದು ಕಾಲಿಟ್ಟರೂ ಸಾಕು, ತಿನಿಸನ್ನು ಚಾಪೆಯ ಮೇಲೆಯೇ ಇಡಿ. ಕೈಯಿಂದ ನೇರವಾಗಿ ಬಾಯಿಗೆ ಕೊಟ್ಟರೆ ಅದರ ಕಣ್ಣು ನಿಮ್ಮ ಕೈಗೆ ಅಂಟಿಕೊಳ್ಳುತ್ತದೆ, ಚಾಪೆಯ ಮೇಲಿಟ್ಟರೆ ಗಮನ ನೆಲಕ್ಕೆ ಇಳಿಯುತ್ತದೆ. ನಾಲ್ಕೂ ಕಾಲುಗಳು ಬಂದ ಮೇಲೆ ಕಾಯಿರಿ, ಏನೂ ಹೇಳಬೇಡಿ. ನಿಂತು ನಿಂತು ಬೇಸತ್ತ ನಾಯಿ ಒಂದಲ್ಲ ಒಂದು ಹೊತ್ತಿಗೆ ಮಲಗುತ್ತದೆ. ಆಗ ಒಂದರ ಹಿಂದೆ ಒಂದರಂತೆ ನಾಲ್ಕೈದು ಚೂರು ಇಡಿ. ಬಳಿಕ ಚೂರುಗಳ ನಡುವಿನ ಅಂತರವನ್ನು ಮೂರು ಸೆಕೆಂಡು, ಎಂಟು ಸೆಕೆಂಡು, ಮತ್ತೆ ನಾಲ್ಕು, ಆಮೇಲೆ ಹದಿನೈದು ಎಂದು ಏರಿಳಿಸುತ್ತ ಹೋಗಬೇಕು. ಒಂದೇ ಸಮನೆ ಏರಿಸುತ್ತ ಹೋದರೆ ಪಾಠ ಪ್ರತಿ ಸಲವೂ ಕಷ್ಟವಾಗುತ್ತಲೇ ಇರುತ್ತದೆಂದು ನಾಯಿಗೆ ತಿಳಿದು ಅದು ಎದ್ದು ಹೋಗುತ್ತದೆ.

ಒಂದು ಸಲಕ್ಕೆ ಐದು ನಿಮಿಷ ಮೀರಬಾರದು. ಮುಗಿಯಿತು ಎಂಬುದಕ್ಕೆ ಯಾವಾಗಲೂ ಒಂದೇ ಮಾತು ಬಳಸಿ, ನಾಯಿ ಎದ್ದ ಮೇಲೆ ಚಾಪೆ ಎತ್ತಿಡಿ. ಮಲಗುವುದು ಖಚಿತವಾದ ಮೇಲಷ್ಟೇ ಅಡಚಣೆಗಳನ್ನು ಸೇರಿಸಬೇಕು: ನೀವು ಎದ್ದು ನಿಲ್ಲುವುದು, ಒಂದು ಹೆಜ್ಜೆ ದೂರ ಹೋಗಿ ಬರುವುದು, ಕಪಾಟು ತೆರೆಯುವುದು, ಪಕ್ಕದ ಕೋಣೆಗೆ ಹೋಗಿ ಎರಡು ಸೆಕೆಂಡಿನಲ್ಲಿ ಹಿಂದಿರುಗುವುದು. ನಾಯಿ ಎರಡು ಸಲ ಎದ್ದು ಬಂತೆಂದರೆ ತಪ್ಪು ಅದರದಲ್ಲ. ನೀವು ಅವಸರ ಮಾಡಿದ್ದೀರಿ, ಒಂದು ಹಂತ ಕೆಳಗಿಳಿಯಿರಿ. ಹಾಸುವ ಮೊದಲೇ ನಾಯಿ ಬಂದು ಚಾಪೆಗಾಗಿ ಕಾಯತೊಡಗಿದ ದಿನದಿಂದ ‘ಚಾಪೆ’ ಎಂಬ ಮಾತನ್ನು ಜೋಡಿಸಬಹುದು, ಅದಕ್ಕೂ ಮೊದಲು ಬೇಡ.

ನನ್ನ ನಾಯಿ ಚಾಪೆಯ ಮೇಲೆ ಮಲಗುತ್ತದೆ, ಆದರೆ ಬಿಲ್ಲಿಗೇರಿಸಿದ ಬಾಣದಂತೆ ಬಿಗಿಯಾಗಿರುತ್ತದೆ. ಇದು ಸರಿಯೇ?

ಅದು ಆಜ್ಞಾಪಾಲನೆ, ಇನ್ನೂ ನೆಮ್ಮದಿಯಲ್ಲ. ಹಿಂಗಾಲುಗಳನ್ನು ಮೈಯಡಿಗೆ ಮಡಚಿ ಎರಡೂ ಕಡೆ ಸಮನಾಗಿ ಕುಳಿತ ನಾಯಿ ಯಾವ ಕ್ಷಣದಲ್ಲಾದರೂ ಜಿಗಿಯಲು ಸಿದ್ಧವಾಗಿರುತ್ತದೆ. ಸೊಂಟ ಒಂದು ಪಕ್ಕಕ್ಕೆ ವಾಲಿ, ಕಿವಿ ಸಡಿಲಗೊಂಡು, ಉಸಿರಾಟ ನಿಧಾನವಾದಾಗ ಮಾತ್ರ ಅದು ನಿಜವಾಗಿ ವಿರಮಿಸಿದೆ ಎನ್ನಬಹುದು. ಬಹುಮಾನವನ್ನು ಈ ಲಕ್ಷಣಗಳಿಗೆ ಹೆಚ್ಚು, ಬರಿಯ ಮಲಗುವಿಕೆಗೆ ಕಡಿಮೆ ಕೊಡುತ್ತ ಬನ್ನಿ. ಅತಿ ರುಚಿಯ ತಿನಿಸಿನಿಂದ ಕೆಲವು ನಾಯಿಗಳು ಉದ್ರೇಕಗೊಳ್ಳುತ್ತವೆ, ಅವಕ್ಕೆ ದಿನನಿತ್ಯದ ಒಣ ಆಹಾರದ ಕಾಳುಗಳೇ ಮೇಲು. ನಿದ್ರೆಯ ಹೊತ್ತಲ್ಲದಿದ್ದರೂ ಮತ್ತೆ ಮತ್ತೆ ಆಕಳಿಸುವುದು, ತಿಂಡಿ ಇಲ್ಲದೆಯೂ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು ಇವೆಲ್ಲ ಕಳವಳದ ಗುರುತುಗಳಾಗಿರುವುದರಿಂದ, ಅವು ಕಂಡಾಗ ಪಾಠವನ್ನು ಅಲ್ಲಿಗೇ ನಿಲ್ಲಿಸಬೇಕು.

ಮನೆಗೆ ಬಂದವರ ಮೈಮೇಲೆ ಹಾರುವುದನ್ನು ಬಿಡಿಸುವುದು ಹೇಗೆ?

ನಾಯಿಗಳು ಪರಸ್ಪರ ಎದುರಾದಾಗ ಮುಖ ಮೂಸಿ ನೆಕ್ಕುವುದುಂಟು. ನಮ್ಮ ಮುಖ ಐದಡಿ ಎತ್ತರದಲ್ಲಿರುವುದರಿಂದ ಅದು ಹಾರುತ್ತದೆ. ನಾವು ಅದನ್ನು ಕೈಯಿಂದ ತಳ್ಳುತ್ತೇವೆ, ಬೇಡ ಬೇಡ ಎನ್ನುತ್ತೇವೆ, ಕಣ್ಣಲ್ಲಿ ಕಣ್ಣಿಟ್ಟು ಗದರುತ್ತೇವೆ. ಮುಟ್ಟುವುದು, ಮಾತಾಡುವುದು, ನೋಡುವುದು ಈ ಮೂರೂ ಅದಕ್ಕೆ ಬೇಕಾಗಿದ್ದವೇ. ಆದ್ದರಿಂದ ಹಾರಿದಾಗ ಈ ಮೂರನ್ನೂ ಹಿಂತೆಗೆದುಕೊಂಡು ಬೆನ್ನು ತಿರುಗಿಸಬೇಕು, ನಾಲ್ಕೂ ಕಾಲು ನೆಲಕ್ಕೆ ತಾಗಿದೊಡನೆ ಮೂರನ್ನೂ ಕೊಡಬೇಕು, ಅದೂ ಬಗ್ಗಿ, ಕೆಳಗೆ, ಅದರ ಎತ್ತರದಲ್ಲಿಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಷ್ಟು ದಿನ ಫಲ ಕೊಡುತ್ತಿದ್ದ ನಡವಳಿಕೆಗೆ ಫಲ ನಿಂತುಹೋದಾಗ ಅದು ಕಡಿಮೆಯಾಗುವ ಮೊದಲು ಒಮ್ಮೆ ಜೋರಾಗುತ್ತದೆ. ಗುಂಡಿ ಒತ್ತಿದರೂ ಬಾರದ ಲಿಫ್ಟಿನ ಗುಂಡಿಯನ್ನು ನಾವು ಹತ್ತು ಸಲ ಒತ್ತುವುದಿಲ್ಲವೇ, ಹಾಗೆ. ಮೂರನೆಯ ದಿನ ನಾಯಿ ಮೊದಲಿಗಿಂತ ಎತ್ತರಕ್ಕೆ ಹಾರಿತೆಂದು ಸೋತು ಅದರ ತಲೆ ಸವರಿದರೆ, ಇನ್ನೂ ಜೋರಾಗಿ ಹಾರಬೇಕು ಎಂಬ ಪಾಠವನ್ನು ನೀವೇ ಹೇಳಿಕೊಟ್ಟಂತಾಗುತ್ತದೆ.

ಬರುವವರು ಸಹಕರಿಸುತ್ತಾರೆಂಬ ಭರವಸೆಯ ಮೇಲೆ ಮಾತ್ರ ನಿಲ್ಲಬೇಡಿ. ‘ಪರವಾಗಿಲ್ಲ ಬಿಡಿ, ನನಗೆ ನಾಯಿಗಳೆಂದರೆ ಬಹಳ ಇಷ್ಟ’ ಎಂದು ಎರಡೂ ಕೈ ಚಾಚುವ ಅತಿಥಿಯೊಬ್ಬರು ನಮ್ಮ ಮನೆಯಲ್ಲಿ ಮೂರು ವಾರದ ಶ್ರಮವನ್ನು ಒಂದು ಸಂಜೆಯಲ್ಲಿ ಅಳಿಸಿದ್ದುಂಟು. ಅಂಥವರು ಬರುವ ದಿನ ನಾಯಿಯನ್ನು ಅಡ್ಡಗೇಟಿನ ಹಿಂದೆ ಇರಿಸಿ, ಅಥವಾ ಹಗುರವಾದ ಹಗ್ಗ ಕಟ್ಟಿ ನಿಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂರಿಸಿ, ಮೊದಲ ಹತ್ತು ನಿಮಿಷದ ಸಂಭ್ರಮ ಇಳಿದ ಮೇಲೆ ಭೇಟಿ ಮಾಡಿಸಿ. ನೀವು ಎದುರಿಗಿಲ್ಲದಾಗ ಆ ಹಗ್ಗವನ್ನು ಬಿಚ್ಚಿಬಿಡಬೇಕು, ಪೀಠೋಪಕರಣಕ್ಕೆ ಸಿಕ್ಕಿಕೊಂಡರೆ ಅಪಾಯ.

ಕಾಲಿಂಗ್ ಬೆಲ್ ಕೇಳಿದೊಡನೆ, ಕಿಟಕಿಯಾಚೆ ಯಾರಾದರೂ ಸುಳಿದೊಡನೆ ಬೊಗಳುತ್ತದೆ. ಏನು ಮಾಡಬೇಕು?

ದಾರಿಹೋಕ ತನ್ನ ಪಾಡಿಗೆ ತಾನು ಹೋಗುತ್ತಾನೆ. ನಾಯಿ ಮಾತ್ರ ತಾನು ಬೊಗಳಿದ್ದರಿಂದಲೇ ಅವನು ಹೋದನೆಂದು ತೀರ್ಮಾನಿಸುತ್ತದೆ. ದಿನಕ್ಕೆ ಐವತ್ತು ಸಲ ಹೀಗೆ ಗೆಲ್ಲುವ ಪ್ರಾಣಿಗೆ ಉಪದೇಶ ನಾಟುವುದಿಲ್ಲ, ಹಾಗಾಗಿ ಮೊದಲು ಗೆಲ್ಲುವ ಅವಕಾಶವನ್ನೇ ತಪ್ಪಿಸಬೇಕು. ಕಿಟಕಿಯ ಕೆಳಭಾಗಕ್ಕೆ ಆಚೆ ಕಾಣದಂಥ ಹಾಳೆ ಅಂಟಿಸಿ, ಅದರ ಕಾವಲು ಕುರ್ಚಿಯನ್ನು ಅಲ್ಲಿಂದ ಸರಿಸಿ. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ 45,000 ಹರ್ಟ್ಸ್ ಹತ್ತಿರದವರೆಗಿನ ಸದ್ದು ಕೇಳಿಸುತ್ತದೆ. ನಮಗೆ ಕೇಳದ ಯಾವುದಕ್ಕೋ ಅದು ಬೊಗಳುತ್ತಿದ್ದರೆ ಸುಳ್ಳು ಹೇಳುತ್ತಿದೆ ಎಂದುಕೊಳ್ಳಬಾರದು.

ಬೆಲ್ಲಿನ ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಂಡು, ನಾಯಿ ಕಿವಿ ನಿಮಿರಿಸುವಷ್ಟು ಮಾತ್ರ ಸಣ್ಣ ದನಿಯಲ್ಲಿ ಕೇಳಿಸಿ, ಕೂಡಲೇ ಚಾಪೆಯ ಮೇಲೆ ತಿನಿಸು ಇಡಿ. ಯಾರೂ ಬಾರದೆಯೂ ಬೆಲ್ ಬಡಿಯುತ್ತದೆ, ಬಡಿದರೆ ಚಾಪೆಯಲ್ಲಿ ತಿನಿಸು ಸಿಗುತ್ತದೆ ಎಂಬ ಹೊಸ ಸಂಬಂಧ ಬೆಸೆಯುವವರೆಗೆ ವಾರಗಟ್ಟಲೆ ಇದನ್ನು ಮಾಡಿ, ಸದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕಾಗುತ್ತದೆ. ಬೊಗಳುತ್ತಿರುವ ನಾಯಿಯ ಮೇಲೆ ಕೂಗಾಡಿದರೆ ನೀವೂ ಜೊತೆಗೂಡಿ ಬೊಗಳುತ್ತಿದ್ದೀರೆಂದೇ ಅದಕ್ಕೆ ತೋರುತ್ತದೆ.

ಸೋಫಾ, ಚಪ್ಪಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ಹರಿಯುತ್ತದೆ.

ಮರಿಯಾಗಿದ್ದರೆ 28 ಹಾಲುಹಲ್ಲುಗಳು ಬಿದ್ದು 42 ಹಲ್ಲುಗಳು ಮೂಡುವ ಕಾಲ ಅದಾಗಿರಬಹುದು. ನಾಲ್ಕರಿಂದ ಆರು ತಿಂಗಳ ನಡುವೆ ಒಸಡಿನ ನವೆಯಿಂದ ಅದು ಏನನ್ನಾದರೂ ಅಗಿಯಲೇಬೇಕು. ಬೆಳೆದ ನಾಯಿಗೂ ಅಗಿಯುವುದು ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವ ದಾರಿ. ಅಗಿಯಲು ಕೊಡುವ ವಸ್ತು ಹೆಬ್ಬೆರಳಿನ ಉಗುರು ಒತ್ತಿದರೆ ತುಸು ತಗ್ಗುವಷ್ಟು ಮೆದುವಾಗಿರಲಿ, ಅದಕ್ಕಿಂತ ಗಟ್ಟಿಯಾದದ್ದು ಹಲ್ಲು ಮುರಿಯುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳುವುದರಿಂದ ಎಂದಿಗೂ ಬೇಡ. ಕೈಗೆಟುಕುವಲ್ಲಿ ಬಿಟ್ಟ ಚಪ್ಪಲಿಗೆ ಹೊಣೆ ಬಿಟ್ಟವರದು. ಬಾಯಲ್ಲಿ ಏನನ್ನಾದರೂ ಹಿಡಿದಿದ್ದರೆ ಬೆನ್ನಟ್ಟದೆ, ಬೇರೆ ಏನನ್ನಾದರೂ ಕೊಟ್ಟು ಬದಲಿ ಮಾಡಿಕೊಳ್ಳಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ, ಹಾಗೂ ಸಕ್ಕರೆಯ ಬದಲಿಗೆ ಬಳಸುವ ಜೈಲಿಟಾಲ್ ಇರುವ ತಿನಿಸುಗಳು ನಾಯಿಗೆ ವಿಷವಾಗಿರುವುದರಿಂದ ಅವು ಅದರ ಮೂಗಿಗೆ ಎಟುಕದಲ್ಲಿರಬೇಕು.

ಮನೆಯ ಯಜಮಾನ ಯಾರೆಂದು ತೋರಿಸಿಕೊಡದಿದ್ದರೆ ನಾಯಿ ತಲೆಯ ಮೇಲೆ ಕೂರುತ್ತದೆ ಎನ್ನುತ್ತಾರಲ್ಲ? ಒಂದೆರಡು ಏಟು ಕೊಟ್ಟರೆ ತಪ್ಪೇನು?

ಈ ಮಾತಿನ ಬೇರು ತೋಳಗಳಲ್ಲಿದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ, ಅವು ಮೇಲುಗೈಗಾಗಿ ಸದಾ ಕಾದಾಡುತ್ತವೆಂದು 1947ರಲ್ಲಿ ಬರೆದರು. ಅದನ್ನೇ ಜನ ನಾಯಿಗೂ ಅನ್ವಯಿಸಿಕೊಂಡರು. ಕಾಡಿನ ತೋಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡೇವಿಡ್ ಮೆಕ್, ತಾವೂ ಮೊದಲು ಆ ಕಲ್ಪನೆಯನ್ನು ಹರಡಿದವರಾಗಿದ್ದರೂ, ತೋಳದ ಹಿಂಡು ಎಂದರೆ ಸಾಮಾನ್ಯವಾಗಿ ತಾಯಿ, ತಂದೆ ಮತ್ತು ಮಕ್ಕಳ ಕುಟುಂಬವೇ ಹೊರತು ಪಟ್ಟಕ್ಕಾಗಿ ಹೊಡೆದಾಡುವ ಗುಂಪಲ್ಲ ಎಂದು 1999ರಲ್ಲಿ ತಿದ್ದಿ ಬರೆದರು. ತಿದ್ದುಪಡಿ ಜನರನ್ನು ತಲುಪುವುದು ಯಾವಾಗಲೂ ನಿಧಾನ. ಮೇಲಾಗಿ ನಿಮ್ಮ ಸೋಫಾ ಹತ್ತುವ ನಾಯಿಗೆ ಬೇಕಾಗಿರುವುದು ಮೆತ್ತನೆಯ ಜಾಗವೇ ಹೊರತು ಪಟ್ಟವಲ್ಲ.

ಹೊಡೆತದಿಂದ ಗಲಾಟೆ ಆ ಕ್ಷಣಕ್ಕೆ ನಿಲ್ಲುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ; ನಿಲ್ಲುವುದರಿಂದಲೇ ಹೊಡೆಯುವವರಿಗೆ ಅದು ಅಭ್ಯಾಸವಾಗುತ್ತದೆ. ಆದರೆ ಹೆದರಿ ಮುದುರಿದ ನಾಯಿ ನೆಮ್ಮದಿಯಿಂದಿರುವ ನಾಯಿಯಲ್ಲ, ಒಳಗಿನ ಉದ್ವೇಗ ಹಾಗೆಯೇ ಉಳಿದಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಗುರ್ ಎಂದಾಗಲೆಲ್ಲ ಪೆಟ್ಟು ತಿಂದ ನಾಯಿ ಗುರ್ ಎನ್ನುವುದನ್ನೇ ಬಿಟ್ಟು, ಮುನ್ಸೂಚನೆ ಕೊಡದೆ ಕಚ್ಚಲು ಕಲಿಯಬಹುದು. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಎಲ್ಲ ನಾಯಿಗಳಿಗೂ, ಆಕ್ರಮಣಶೀಲವಾದವಕ್ಕೂ, ಬಹುಮಾನದ ಮೂಲಕ ಕಲಿಸುವ ವಿಧಾನವನ್ನೇ ಶಿಫಾರಸು ಮಾಡಿದೆ.

ಹೊರಗೆ ಹೋಗುವ ಹೊತ್ತಿನಲ್ಲಿ ಬಾಗಿಲ ಬಳಿ ಕುಣಿದು ಕುಪ್ಪಳಿಸುತ್ತದೆ. ಅಲ್ಲಿ ತಿನಿಸು ತೋರಿಸಿದರೂ ಮೂಸುವುದಿಲ್ಲ.

ಅಲ್ಲಿ ತಿನಿಸಿಗಿಂತ ಬಾಗಿಲು ದೊಡ್ಡದು, ಆದ್ದರಿಂದ ಬಾಗಿಲನ್ನೇ ಬಹುಮಾನ ಮಾಡಿ. ಪ್ರಾಣಿ ತಾನಾಗಿ ಹೆಚ್ಚು ಬಯಸಿ ಮಾಡುವ ಕೆಲಸವನ್ನು ಕಡಿಮೆ ಬಯಸುವ ಕೆಲಸಕ್ಕೆ ಪ್ರತಿಫಲವಾಗಿ ಬಳಸಬಹುದೆಂದು ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೆಮ್ಯಾಕ್ 1959ರಲ್ಲಿ ವಿವರಿಸಿದ್ದರು. ಹಗ್ಗ ಕೈಗೆತ್ತಿಕೊಳ್ಳಿ, ಕುಣಿದರೆ ಕೆಳಗಿಟ್ಟು ಕುಳಿತುಕೊಳ್ಳಿ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಕಟ್ಟಿ. ಬಾಗಿಲು ಅರ್ಧ ತೆರೆದಾಗ ನುಗ್ಗಿದರೆ ಮುಚ್ಚಿ. ಮೊದಲ ದಿನ ಹೊರಡಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಕಚೇರಿಗೆ ತಡವಾಗುವ ದಿನ ಇದನ್ನು ಆರಂಭಿಸಬೇಡಿ.

ಕ್ರೇಟಿನಲ್ಲಿ, ಅಂದರೆ ಬಾಗಿಲಿರುವ ಪಂಜರದಂಥ ಪೆಟ್ಟಿಗೆಯಲ್ಲಿ, ಕೂಡಿಹಾಕುವುದು ಕ್ರೌರ್ಯವಲ್ಲವೇ?

ನಾಯಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಲುವಷ್ಟು ದೊಡ್ಡದಾಗಿದ್ದು, ಮೊದಲ ವಾರಗಳಲ್ಲಿ ಬಾಗಿಲು ತೆರೆದೇ ಇದ್ದು, ಊಟವನ್ನೂ ಅಗಿಯುವ ಆಟಿಕೆಯನ್ನೂ ಅದರೊಳಗೇ ಕೊಟ್ಟು ರೂಢಿಸಿದ್ದರೆ ಕ್ರೌರ್ಯವಲ್ಲ. ಶಿಕ್ಷೆಯಾಗಿ ತಳ್ಳಿದರೆ, ಇಡೀ ಹಗಲು ಬೀಗ ಹಾಕಿಟ್ಟರೆ ಖಂಡಿತ ಕ್ರೌರ್ಯ.

ಎಂಟು ತಿಂಗಳಾದ ಮೇಲೆ ಕಲಿತದ್ದೆಲ್ಲ ಮರೆತುಹೋದಂತಿದೆ!

ಮರೆತಿಲ್ಲ, ಹದಿಹರೆಯಕ್ಕೆ ಬಂದಿದೆ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಐದು ತಿಂಗಳಿದ್ದಾಗ ಕುಳಿತುಕೋ ಎಂದರೆ ಕೇಳುತ್ತಿದ್ದ ನಾಯಿಗಳು ಎಂಟು ತಿಂಗಳಿಗೆ ಬಂದಾಗ ತಮ್ಮನ್ನು ಸಾಕುವವರ ಮಾತನ್ನೇ ಕಡಿಮೆ ಕೇಳುತ್ತಿದ್ದವು, ಅಪರಿಚಿತರ ಮಾತಿಗೆ ಮಾತ್ರ ಅಂಥ ಅಸಡ್ಡೆ ತೋರಲಿಲ್ಲ. ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಅಧ್ಯಯನದ ಪ್ರಕಾರ ವರ್ಷ ತುಂಬುವ ಹೊತ್ತಿಗೆ ಈ ಹಠ ಬಹುಮಟ್ಟಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಪಾಠವನ್ನು ಸುಲಭಗೊಳಿಸಿ ಮುಂದುವರಿಸಿ. ನಾಯಿಗಳನ್ನು ಜನ ಕೈಬಿಡುವುದು ಹೆಚ್ಚಾಗಿ ಈ ಪ್ರಾಯದಲ್ಲಿಯೇ ಎಂಬುದು ದುಃಖದ ಸಂಗತಿ.

ಸಂಜೆ ಹೊತ್ತು ಇದ್ದಕ್ಕಿದ್ದಂತೆ ಮನೆ ತುಂಬ ಹುಚ್ಚುಹುಚ್ಚಾಗಿ ಓಡುತ್ತದೆ.

ಅದು ಸಹಜ, ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಜಾರುವ ನೆಲವಿದ್ದರೆ ಜಮಖಾನೆ ಹಾಸಿ, ಒಡೆಯುವ ವಸ್ತುಗಳನ್ನು ಎತ್ತಿಡಿ. ಮರಿಯಾದರೆ ಹಗಲಿನಲ್ಲಿ ನಿದ್ರೆ ಸಾಲದೆ ಹೋಗಿರುವ ಸೂಚನೆಯೂ ಅದಾಗಿರಬಹುದು.

ನಾವಿರುವಾಗ ಸರಿಯಾಗಿರುತ್ತದೆ, ಒಂಟಿಯಾಗಿ ಬಿಟ್ಟು ಹೋದಾಗ ಬಾಗಿಲು ಕೆರೆದು ಊಳಿಡುತ್ತದೆ. ಇದಕ್ಕೂ ಚಾಪೆಯ ಪಾಠ ಸಾಕೇ?

ಸಾಲದು. ಇದು ತುಂಟತನವಲ್ಲ, ಭಯ. ಹೊರಡುವ ಮುನ್ನ ಫೋನನ್ನು ವಿಡಿಯೊ ಮುದ್ರಣಕ್ಕೆ ಇಟ್ಟು ಹೋಗಿ ನೋಡಿ: ಬೇಸರಕ್ಕೆ ಕಚ್ಚುವ ನಾಯಿ ಮೊದಲು ನಿದ್ರೆ ಮಾಡಿ ಆಮೇಲೆ ಕೈಗೆ ಸಿಕ್ಕಿದ್ದನ್ನು ಹುಡುಕುತ್ತದೆ, ಒಂಟಿತನಕ್ಕೆ ಹೆದರುವ ನಾಯಿ ಸಾಮಾನ್ಯವಾಗಿ ನೀವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ, ಬಾಗಿಲನ್ನೇ ಕೆರೆಯತೊಡಗುತ್ತದೆ. ಎರಡನೆಯದಾಗಿದ್ದರೆ ಕೆಲವು ಸೆಕೆಂಡುಗಳ ಅಗಲಿಕೆಯಿಂದ ಆರಂಭಿಸಿ, ನಾಯಿ ಕಂಗೆಡುವ ಮೊದಲೇ ಮರಳಿ ಬರುತ್ತ, ವಾರಗಳ ಮೇಲೆ ವಾರ ಅವಧಿ ಬೆಳೆಸಬೇಕಾಗುತ್ತದೆ. ಮರಳಿ ಬಂದಾಗ ಹಾಳಾದ ಬಾಗಿಲು ತೋರಿಸಿ ಬೈಯುವುದರಿಂದ ಭಯ ಇಮ್ಮಡಿಯಾಗುತ್ತದೆ. ಆಗ ಅದು ತೋರುವ ಅಪರಾಧಿಯ ಮುಖ ನಿಮ್ಮ ಸಿಟ್ಟಿಗೆ ಕೊಟ್ಟ ಉತ್ತರವೇ ಹೊರತು ಪಶ್ಚಾತ್ತಾಪವಲ್ಲ. ತೀವ್ರವಾಗಿದ್ದರೆ ಪಶುವೈದ್ಯರು ಔಷಧವನ್ನೂ ಸೂಚಿಸಬಹುದು. ಮನುಷ್ಯರ ಔಷಧವನ್ನು ಅಂದಾಜಿನಲ್ಲಿ ಕೊಡಬಾರದು.

ಪಶುವೈದ್ಯರನ್ನು ಯಾವಾಗ ಕಾಣಬೇಕು?

ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ, ಪಾಠಕ್ಕಿಂತ ಮೊದಲು. ಕಿವಿಯ ಸೋಂಕು, ಚರ್ಮದ ತುರಿಕೆ, ಹೊಟ್ಟೆಯ ತೊಂದರೆ, ಕೀಲುನೋವು ಇವುಗಳಲ್ಲಿ ಯಾವುದಿದ್ದರೂ ನಾಯಿ ಒಂದೆಡೆ ಮಲಗಲಾರದು, ನೋವಿರುವ ಪ್ರಾಣಿಗೆ ನೆಮ್ಮದಿ ಕಲಿಸಲು ಬಾರದು. ಮುದಿ ನಾಯಿ ರಾತ್ರಿಯೆಲ್ಲ ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದರೆ ಅದು ಮಿದುಳು ಮಂಕಾಗುತ್ತಿರುವುದರ ಲಕ್ಷಣವಾಗಿರಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರೂ ಕಲಿಸಬಹುದೇ?

ದೊಡ್ಡವರ ಎದುರಿನಲ್ಲಿ ತಿನಿಸನ್ನು ಚಾಪೆಯ ಮೇಲೆ ಇಡುವುದಷ್ಟನ್ನು ಮಾಡಬಹುದು. ಓಡುವ, ಕಿರುಚುವ ಮಗುವಿನ ಹಿಂದೆ ನಾಯಿ ಓಡುವುದು ತಡೆಯಲಾಗದ ಸಂಗತಿಯಾದ್ದರಿಂದ ಆ ಹೊತ್ತಿನಲ್ಲಿ ಇಬ್ಬರ ನಡುವೆ ಗೇಟು ಇರಲಿ. ತಿನ್ನುತ್ತಿರುವ ಅಥವಾ ಮಲಗಿರುವ ನಾಯಿಯ ಹತ್ತಿರ ಮಗು ಹೋಗಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ.

ತಿನಿಸು ಕೊಡುವುದನ್ನು ಎಂದು ನಿಲ್ಲಿಸಬಹುದು? ಜೀವನವಿಡೀ ಡಬ್ಬಿ ಹಿಡಿದು ತಿರುಗಬೇಕೇ?

ದಿನದ ಒಟ್ಟು ಆಹಾರದ ಶಕ್ತಿಯಲ್ಲಿ ಬಹುಮಾನದ ಪಾಲು ಹತ್ತನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಂಡು, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿದರೆ ತೂಕದ ಚಿಂತೆ ಬೇಡ. ನಡವಳಿಕೆ ನೆಲೆಗೊಂಡ ಮೇಲೆ ಪ್ರತಿ ಸಲ ಕೊಡದೆ ಆಗೊಮ್ಮೆ ಈಗೊಮ್ಮೆ ಕೊಡಬಹುದು; ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನಕ್ಕಾಗಿ ಪ್ರಾಣಿಗಳು ಹೆಚ್ಚು ಕಾಲ ಕಾಯುತ್ತವೆ. ಕ್ರಮೇಣ ತಿನಿಸಿನ ಜಾಗಕ್ಕೆ ಕಿವಿಯ ಹಿಂದೆ ನಿಧಾನವಾದ ಒಂದು ಸವರಿಕೆ, ನಿಮ್ಮ ಪಕ್ಕದಲ್ಲಿ ಮಲಗುವ ಅನುಮತಿ, ಕಿಟಕಿಯ ಬಳಿಯ ಬಿಸಿಲಿನ ಜಾಗ ಬರುತ್ತವೆ. ಪೂರ್ತಿ ನಿಲ್ಲಿಸಿಬಿಟ್ಟ ಮನೆಗಳಲ್ಲಿ ನಾಲ್ಕೈದು ತಿಂಗಳ ನಂತರ ಕಾಲ್ಚೀಲಗಳು ಮತ್ತೆ ಕಾಣೆಯಾಗತೊಡಗುವುದನ್ನು ಕಂಡಿದ್ದೇನೆ. ಹಾಗಾದಾಗ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ, ಡಬ್ಬಿಯನ್ನು ಎರಡು ವಾರ ಮತ್ತೆ ಹೊರಗಿಟ್ಟರೆ ಸಾಕು.